ಅಕ್ಕೋರು ಕೇಳಿದ ನೆಲಮಹಡಿಯ ಕೋಣೆ

ಹೋದ ಶನಿವಾರ ಬಾಲ್ಕನಿಯ ಮರದ ಮೇಜಿಗೆ ಹೊಸದಾಗಿ ಬಣ್ಣ ಹಚ್ಚೋಣವೆಂದು ನಮ್ಮ ಮನೆಯವರ ಜೊತೆ ಬೌಮಾರ್ಕ್ಟಿಗೆ ಹೋಗಿದ್ದೆ. ಮೊಳೆಯಿಂದ ಹಿಡಿದು ಬಾಗಿಲಿನ ತನಕ ಮನೆಗೆ ಬೇಕಾದ ಸಾಮಾನೆಲ್ಲ ಒಂದೇ ಸೂರಿನಡಿ ಸಿಗುವ ಇಲ್ಲಿನ, ಅಂದರೆ ಜರ್ಮನಿಯ, ದೊಡ್ಡ ಅಂಗಡಿ ಅದು. ಬಣ್ಣದ ಡಬ್ಬಿಗಳ ಸಾಲು ದಾಟಿ, ಸ್ಯಾಂಡ್ ಪೇಪರ್ ಎಷ್ಟು ಒರಟಾಗಿದೆ ನೋಡೋಣವೆಂದು ಒಂದು ಹಾಳೆಯ ಮೇಲೆ ಬೆರಳಾಡಿಸಿದೆ. ಬೆರಳು ತಾನಾಗಿಯೇ ಬಲದಿಂದ ಎಡಕ್ಕೆ ಹೋಯಿತು. ಅಂಟು ಮತ್ತು ಕಲ್ಲಿನ ಪುಡಿ ಬೆರೆತ ಆ ಒಣ ವಾಸನೆ ಮೂಗಿಗೆ ಬಡಿಯಿತು. ಅಷ್ಟೇ... ಆರಿಹೋಗಿದೆ ಅಂದುಕೊಂಡಿದ್ದ ಸಿಟ್ಟು ಭುಗ್ಗೆಂದು ಎದ್ದಿತು.

"ಯಾಕ, ಏನಾತು? ಮುಖ ಯಾಕ ಹಂಗ ಮಾಡಿ?" ಅಂದರು ನಮ್ಮವರು.

"ಏನಿಲ್ಲ್ರೀ. ಅಕ್ಕೋರು ನೆನಪಾದ್ರು."

ಅವರು ಮತ್ತೆ ಬಣ್ಣದ ಡಬ್ಬಿಗಳ ಕಡೆ ತಿರುಗಿದರು. ಅಕ್ಕೋರ ವಿಷಯ ಬಂದರೆ ನನ್ನನ್ನು ಮಾತಿಗೆ ಎಳೆಯಬಾರದೆಂದು ಅವರಿಗೆ ಗೊತ್ತು.

ನಮ್ಮ ಧಾರವಾಡದ ಕಡೆ ಶಾಲೆಯಲ್ಲಿ ಪಾಠ ಹೇಳುವ ಹೆಣ್ಣುಮಕ್ಕಳನ್ನು ಅಕ್ಕೋರು ಅನ್ನುತ್ತೇವೆ. ನಾನು ಹೇಳುತ್ತಿರುವ ಅಕ್ಕೋರು ಧಾರವಾಡವನ್ನು ಕಂಡವರಲ್ಲ. ಉಕ್ರೇನಿನ ದೊಡ್ಡ ಊರೊಂದರಿಂದ ಬಂದ ಯಹೂದಿ ಹೆಂಗಸು. ಮ್ಯಾನ್‌ಹೈಮಿಗೆ ದಿನಾ ರೈಲಿನಲ್ಲಿ ಹೋಗಿ ಬರಬಹುದಾದಷ್ಟು ದೂರದಲ್ಲಿರುವ ಈ ಊರಿಗೆ ನಾವು ಬಂದಾಗ, ನಮ್ಮ ಬಾಡಿಗೆ ಮನೆಯ ಕೆಳಗೆ, ನೆಲಮಹಡಿಯಲ್ಲಿ ಅವರಿದ್ದರು. ತಮ್ಮ ಊರಿನಲ್ಲಿ ಅವರು ಮಾತು ಬಾರದ, ನಡೆಯಲಾಗದ, ಬುದ್ಧಿ ನಿಧಾನವಾಗಿ ಬೆಳೆಯುವ ಮಕ್ಕಳ ಶಾಲೆಯೊಂದರ ಮುಖ್ಯ ಶಿಕ್ಷಕಿಯಾಗಿದ್ದವರು. ಜರ್ಮನಿ ಆ ಓದನ್ನು ಓದೆಂದು ಒಪ್ಪಲಿಲ್ಲ. ಹಾಗಾಗಿ ಇಲ್ಲಿ ವೃದ್ಧಾಶ್ರಮವೊಂದರಲ್ಲಿ ಮುದುಕರ ಆರೈಕೆ ಮಾಡಿ ನಿವೃತ್ತರಾದರು. ಆ ವಿಷಯ ಹೇಳುವಾಗ ಅವರ ದನಿಯಲ್ಲಿ ದುಃಖವಿರುತ್ತಿರಲಿಲ್ಲ, ಶುದ್ಧ ಸಿಟ್ಟಿರುತ್ತಿತ್ತು. ನಾನೂ ಮೈಸೂರಿನಲ್ಲಿ ಸ್ಪೀಚ್ ಥೆರಪಿ ಓದಿ, ಧಾರವಾಡದ ಆಸ್ಪತ್ರೆಯಲ್ಲಿ ಕೆಲಸ ಮಾಡಿ, ಗಂಡನ ಕಾರು ಕಂಪನಿಯ ನೌಕರಿಯ ಹಿಂದೆ ಇಲ್ಲಿಗೆ ಬಂದು, ನನ್ನ ಓದಿಗೆ ಮಾನ್ಯತೆ ಸಿಗಲೆಂದು ಕಾಯುತ್ತ ಕೂತಿದ್ದ ಕಾಲ ಅದು.

ನಮ್ಮ ಪರಿಚಯ ಆದದ್ದೂ ಜಗಳದಿಂದಲೇ. ನನ್ನ ಮಗಳು ಶ್ರೇಯಾ ಕಿಂಡರ್‌ಗಾರ್ಟನ್ ಸೇರಿದ್ದ ಹೊಸತು. ಅಲ್ಲಿಯ ಟೀಚರ್ ಒಂದು ದಿನ ನನ್ನನ್ನು ಕರೆದು, ಮಗು ಜರ್ಮನ್ ಬೇಗ ಕಲಿಯಬೇಕಾದರೆ ಮನೆಯಲ್ಲಿ ನಿಮ್ಮ ಭಾಷೆ ಆಡುವುದನ್ನು ನಿಲ್ಲಿಸಿ ಎಂದಳು. ಮಾತು ಕಲಿಸುವುದನ್ನೇ ಓದಿ ಬಂದವಳಿಗೆ ಈ ಮಾತು! ನನ್ನ ಅರೆಬರೆ ಜರ್ಮನ್‌ನಲ್ಲಿ ಉತ್ತರ ಕೊಡಲಾಗದೆ ಕಣ್ಣೀರು ನುಂಗಿಕೊಂಡು ಮನೆಗೆ ಬಂದೆ. ಕೆಳಗಿನ ಮೆಟ್ಟಿಲ ಮೇಲೆ ಅಕ್ಕೋರು ಸಿಗರೇಟು ಸೇದುತ್ತ ಕೂತಿದ್ದರು. ಏನಾಯಿತೆಂದು ಕೇಳಿದರು. ಹೇಳಿದೆ. ಸಿಗರೇಟು ಹೊಸಕಿಹಾಕಿ ಎದ್ದರು.

"ನಡಿ," ಅಂದರು.

"ಎಲ್ಲಿಗೆ?"

"ಅವಳಿನ್ನೂ ಅಲ್ಲೇ ಇರ್ತಾಳಲ್ಲ. ನಡಿ."

ಕಿಂಡರ್‌ಗಾರ್ಟನ್ ಬಾಗಿಲಲ್ಲಿ ಆ ಟೀಚರಿಗೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಮಗುವಿಗೆ ಎರಡು ಕೈ ಇದೆ ಅಂತ ಒಂದನ್ನ ಕಟ್ಟಿಹಾಕ್ತೀಯಾ?" ಅವಳು ಕೆಂಪಗಾದಳು. ಅಕ್ಕೋರು ನನ್ನ ಕಡೆ ತಿರುಗಿ, ಇನ್ನು ಮುಂದೆ ಯಾರೆದುರೂ ಹೀಗೆ ಮೂಕಿಯ ಹಾಗೆ ನಿಲ್ಲಬೇಡ ಎಂದು ನನಗೂ ಬೈದರು. ಅವರ ಜರ್ಮನ್‌ನಲ್ಲಿ ರಷ್ಯನ್ ಗಡಗಡ, ನನ್ನದರಲ್ಲಿ ಕನ್ನಡದ ಎಳೆತ. ಆದರೂ ಅಂದಿನಿಂದ ನಮ್ಮಿಬ್ಬರಲ್ಲಿ ಒಬ್ಬರ ಮಾತು ಒಬ್ಬರಿಗೆ ಅರ್ಥವಾಗಲಿಲ್ಲ ಅನ್ನುವುದೇ ಇರಲಿಲ್ಲ.

ಅವರದೊಂದು ವಿಚಿತ್ರ ರೀತಿಯಿತ್ತು. ಜರ್ಮನ್‌ನಲ್ಲಿಯೂ ನಮ್ಮಲ್ಲಿದ್ದ ಹಾಗೆ ನೀನು, ನೀವು ಎರಡೂ ಇವೆ. ದೊಡ್ಡವರಿಗೆ, ಅಪರಿಚಿತರಿಗೆ ನೀವು, ಮಕ್ಕಳಿಗೆ ನೀನು. ಅಕ್ಕೋರದು ಇದಕ್ಕೆ ತಿರುಗುಮುರುಗು. ನನಗೂ ನೀನು, ಕಿಂಡರ್‌ಗಾರ್ಟನ್ ಟೀಚರಿಗೂ ನೀನು, ಕಚೇರಿಯ ಸಾಹೇಬರಿಗೂ ನೀನು. ತಮ್ಮ ಮಕ್ಕಳಿಗೆ ಮಾತ್ರ ನೀವು. ತಮ್ಮ ಮಕ್ಕಳು ಅಂದರೆ ಹೆತ್ತ ಮಕ್ಕಳಲ್ಲ, ಅವರಿಗೆ ಅಂಥವರು ಇರಲಿಲ್ಲ. ಭಾನುವಾರದ ಮಕ್ಕಳು, ಆ ದಿನ ಅವರ ತರಗತಿಗೆ ಬರುವವರು.

"ನೀನು ಮಾತು ಕಲಿಸುವವಳು. ಮನೇಲಿ ಕೂತು ಏನು ಮಾಡ್ತೀಯ? ಭಾನುವಾರ ಬಾ," ಎಂದು ಅವರು ಕರೆದದ್ದು ಆಮೇಲೆ. ಹೋದೆ.

ತರಗತಿ ನಡೆಯುತ್ತಿದ್ದದ್ದು ನಮ್ಮ ಊರಿನ ಯಹೂದಿ ಸಮುದಾಯದ ಕಟ್ಟಡದಲ್ಲಿ. ಅದಕ್ಕೆ ಎತ್ತರದ ಕಬ್ಬಿಣದ ಗೇಟು. ಹೊರಗೆ ಸದಾ ಒಂದು ಪೊಲೀಸ್ ಗಾಡಿ. ಒಳಗೆ ಹೋಗಲು ಎರಡು ದಪ್ಪ ಬಾಗಿಲು. ಒಂದು ಮುಚ್ಚಿದ ಮೇಲೆಯೇ ಇನ್ನೊಂದು ತೆಗೆಯುತ್ತದೆ. ಪ್ರಾರ್ಥನೆ ಮಾಡುವ ಜಾಗಕ್ಕೆ, ಮಕ್ಕಳು ಅಕ್ಷರ ಕಲಿಯುವ ಜಾಗಕ್ಕೆ ಇಂಥ ಬಾಗಿಲು ಬೇಕಾಗಿರುವ ದೇಶ ಇದು, ಇವತ್ತಿಗೂ. ದಾನಿಯೇಲ್ ಎಂಬ ಹುಡುಗ ಪ್ರತಿ ಸಲವೂ ಆ ಎರಡು ಬಾಗಿಲುಗಳ ನಡುವೆ ಕಿವಿ ಮುಚ್ಚಿಕೊಂಡು ಕಿರುಚುತ್ತಿದ್ದ. ಅವನಿಗೆ ಗಂಟೆ, ಬೀಗ, ಚಪ್ಪಾಳೆ ಯಾವ ಸದ್ದೂ ಆಗುತ್ತಿರಲಿಲ್ಲ. ಗಾಲಿಕುರ್ಚಿಯಲ್ಲಿ ಬರುತ್ತಿದ್ದ ಮಾರ್ಕ್ ಮಾತ್ರ ಮಹಾ ತುಂಟ. ತರಗತಿಯಲ್ಲಿ ಹಬ್ಬದ ಬ್ರೆಡ್ಡಿನ ಹಿಟ್ಟು ನಾದಲು ಕೊಟ್ಟರೆ ಅರ್ಧ ಹಿಟ್ಟನ್ನು ಅಕ್ಕೋರ ಏಪ್ರನ್ನಿಗೆ ಅಂಟಿಸುತ್ತಿದ್ದ. ಮತ್ತೆ ಲೆಯಾ. ಹನ್ನೊಂದು ವರ್ಷದ ಹುಡುಗಿ, ಗುಂಗುರು ಕೂದಲು, ಬಾಯಲ್ಲಿ ಒಂದು ಪದವೂ ಇಲ್ಲ. ಕಣ್ಣು ಮಾತ್ರ ಎದುರಿಗಿದ್ದವರನ್ನು ಅಳೆದು ತೂಗುತ್ತಿತ್ತು.

ಇನ್ನೂ ಮೂರು ನಾಲ್ಕು ಮಕ್ಕಳಿದ್ದರು. ಎಲ್ಲರೂ ವಾರದ ದಿನಗಳಲ್ಲಿ ಬೇರೆ ಬೇರೆ ಊರುಗಳ ವಿಶೇಷ ಶಾಲೆಗೆ ಹೋಗುವವರು. ಅಲ್ಲಿ ಮತ್ತೊಬ್ಬ ಯಹೂದಿ ಮಗುವಿಲ್ಲ. ಕ್ರಿಸ್‌ಮಸ್ ಗಿಡಕ್ಕೆ ಕಾಗದದ ನಕ್ಷತ್ರ ಕತ್ತರಿಸುವುದನ್ನು ಎಲ್ಲರಿಗೂ ಕಲಿಸುತ್ತಾರೆ, ಲೆಯಾಳ ಮನೆಯಲ್ಲಿ ಶುಕ್ರವಾರ ಸಂಜೆ, ಯಹೂದಿಗಳ ವಾರದ ವಿಶ್ರಾಂತಿಯ ದಿನ ಶುರುವಾಗುವಾಗ, ಯಾಕೆ ದೀಪ ಹಚ್ಚುತ್ತಾರೆ ಎಂದು ಯಾರೂ ಕೇಳುವುದಿಲ್ಲ. ಇತ್ತ ಸಮುದಾಯದ ಭಾನುವಾರದ ಧರ್ಮಪಾಠದಲ್ಲಿ ಉಳಿದ ಮಕ್ಕಳಿಗೆ ಪಾಠ ಹೇಳುವ ಟೀಚರು, ಇಂಥ ಮಕ್ಕಳನ್ನು ಸಂಭಾಳಿಸಲು ತನಗೆ ತರಬೇತಿಯಿಲ್ಲ ಎಂದುಬಿಟ್ಟಿದ್ದರು. ಅಲ್ಲಿ ಹೋದರೆ ಯಹೂದಿ ಅನ್ನುವುದು ಲೆಕ್ಕಕ್ಕಿಲ್ಲ, ಇಲ್ಲಿ ಬಂದರೆ ಮಗುವೇ ಲೆಕ್ಕಕ್ಕಿಲ್ಲ. ಲೆಯಾಳ ತಾಯಿ ಹಲ್ಲಿನ ಡಾಕ್ಟರ ಕ್ಲಿನಿಕ್‌ನಲ್ಲಿ ಸಹಾಯಕಿ. ಮಗಳಿಗೆ ಹೀಬ್ರೂ ಅಕ್ಷರ ತೋರಿಸಬಹುದೇ ಎಂದು ಶಾಲೆಯಲ್ಲಿ ಕೇಳಿದ್ದಕ್ಕೆ, "ಲೆಯಾಗೆ ಈಗಾಗಲೇ ಬೇಕಾದಷ್ಟು ಭಾರ ಇದೆ, ಇದೂ ಒಂದು ಯಾಕೆ?" ಅಂದರಂತೆ. ಭಾರವಂತೆ! ಅವಳ ಅಜ್ಜಿ ಮುತ್ತಜ್ಜಿಯರು ಹೇಳಿದ ಪ್ರಾರ್ಥನೆ ಅವಳಿಗೆ ಭಾರವಂತೆ.

ಅಕ್ಕೋರು ಅದನ್ನು ಕೇಳಿಸಿಕೊಂಡು ಸ್ಯಾಂಡ್ ಪೇಪರ್ ತಂದರು. ಅಂಗೈಯಗಲದ ಹೀಬ್ರೂ ಅಕ್ಷರಗಳನ್ನು ಅದರಲ್ಲಿ ಕತ್ತರಿಸಿ ಮರದ ತುಂಡುಗಳಿಗೆ ಅಂಟಿಸಿದರು. ಕತ್ತರಿ ಹಿಡಿದು ಹಿಡಿದು ನನ್ನ ಬೆರಳಿಗೆ ಗುಳ್ಳೆ ಎದ್ದಿತ್ತು. ಮಕ್ಕಳು ಕಣ್ಣುಮುಚ್ಚಿ ಆ ಅಕ್ಷರಗಳ ಮೇಲೆ ಬೆರಳು ಎಳೆಯಬೇಕು, ಹೀಬ್ರೂ ಬರೆಯುವ ಹಾಗೆ ಬಲದಿಂದ ಎಡಕ್ಕೆ. "ಲೆಯಾ, ನೀವು ಈಗ ಇದನ್ನ ಓದಿ," ಅನ್ನುತ್ತಿದ್ದರು ಅಕ್ಕೋರು. ಲೆಯಾ ಬೆರಳು ಎಳೆದು, ಅದೇ ಅಕ್ಷರವನ್ನು ಗೋಡೆಯ ಮೇಲಿನ ಪಟದಲ್ಲಿ ಹುಡುಕಿ ಮುಟ್ಟುತ್ತಿದ್ದಳು. ತಪ್ಪಿದರೆ ಅಕ್ಕೋರು ಮೆಲ್ಲಗೆ ಹೇಳುವವರಲ್ಲ. "ತಪ್ಪು. ಮತ್ತೆ ಮಾಡಿ." ತಾಯಂದಿರಿಗೆ ಇದು ಹಿಡಿಸುತ್ತಿರಲಿಲ್ಲ. ಪಾಪ, ಅಷ್ಟು ಕಟುವಾಗಿ ಹೇಳಬೇಡಿ ಅನ್ನುತ್ತಿದ್ದರು. "ಪಾಪ ಅನ್ನುವವರು ಹೊರಗೆ ಕೂತ್ಕೊಳ್ಳಿ," ಎಂದು ಅವರನ್ನು ಅಟ್ಟುತ್ತಿದ್ದರು. ಒಮ್ಮೆ ನನ್ನನ್ನೂ ಅಟ್ಟಿದ್ದರು... ದಾನಿಯೇಲ್ ಕೇಳದಿದ್ದರೂ ನಾನು ಅವನ ಶೂ ಲೇಸು ಕಟ್ಟಿಕೊಟ್ಟೆ ಎಂದು.

ಯಹೂದಿ ಹುಡುಗಿಯರಿಗೆ ಹನ್ನೆರಡು ತುಂಬಿದಾಗ ಸಮುದಾಯದ ಎದುರು ನಿಲ್ಲಿಸಿ, ಇವಳು ಇನ್ನು ದೊಡ್ಡವಳು, ನಮ್ಮವಳು ಎಂದು ಒಪ್ಪಿಕೊಳ್ಳುವ ಒಂದು ಸಮಾರಂಭವಿದೆ. ಹುಡುಗಿ ನಾಲ್ಕು ಮಾತು ಆಡಬೇಕು. ಲೆಯಾಗೂ ಆ ಸಮಾರಂಭ ಆಗಲೇಬೇಕೆಂದು ಅಕ್ಕೋರು ಹಟ ಹಿಡಿದಿದ್ದರು. ಆಡದ ಹುಡುಗಿ ಏನು ಆಡುತ್ತಾಳೆ ಎಂದು ಜನ ಮುಸಿಮುಸಿ ನಕ್ಕರೆ, "ಅದನ್ನ ನಾನು, ಲೆಯಾ ನೋಡ್ಕೋತೀವಿ," ಅನ್ನುತ್ತಿದ್ದರು.

ಎಲ್ಲವೂ ಒಂದು ದಾರಿಗೆ ಬರುತ್ತಿತ್ತು. ಆಗ ಸಮುದಾಯಕ್ಕೆ ಬೆದರಿಕೆಗಳು ಜಾಸ್ತಿಯಾದವು. ಯಾರೋ ಗೇಟಿಗೆ ಹೊಲಸು ಬರೆದರು, ಯಾರೋ ಫೋನಿನಲ್ಲಿ ಸಾಯಿಸುತ್ತೇವೆ ಅಂದರು. ನಗರಸಭೆಯಿಂದ ಭದ್ರತೆಯ ತಜ್ಞರೊಬ್ಬರು ಬಂದು ಕಟ್ಟಡವನ್ನೆಲ್ಲ ನೋಡಿದರು. ಅಚ್ಚುಕಟ್ಟಾದ ಮನುಷ್ಯ, ದನಿಯೇರಿಸಿ ಮಾತಾಡುವವರಲ್ಲ. ನಮ್ಮ ತರಗತಿ ಇದ್ದದ್ದು ಮೇಲಿನ ಮಹಡಿಯಲ್ಲಿ. ಬಾಗಿಲಲ್ಲಿ ನಿಂತು ಮಕ್ಕಳನ್ನು ನೋಡಿದರು. ಮಾರ್ಕ್ ಅವರಿಗೆ ಹಿಟ್ಟಿನ ಕೈ ಎತ್ತಿ ನಮಸ್ಕಾರ ಹೇಳಿದ. ಆಮೇಲೆ ಆ ಮನುಷ್ಯ ಸಮುದಾಯದ ಅಧ್ಯಕ್ಷರ ಜೊತೆ ನಮ್ಮನ್ನೂ ಕೂರಿಸಿಕೊಂಡು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ.

"ಅಲಾರಂ ಹೊಡೆದಾಗ ಲಿಫ್ಟ್ ನಿಲ್ಲುತ್ತೆ. ಗಾಲಿಕುರ್ಚಿಯ ಮಕ್ಕಳು ಕೆಳಗೆ ಬರೋಕಾಗಲ್ಲ. ಯಾರಾದರೂ ನುಗ್ಗಿದರೆ ಎಲ್ಲರೂ ಅಡಗಿ ಸದ್ದಿಲ್ಲದೆ ಕೂರಬೇಕು. ಕಿರುಚುವ ಮಗು ಇದ್ದರೆ ಉಳಿದವರ ಜೀವಕ್ಕೂ ಅಪಾಯ. ಈ ತರಗತಿ ಇಲ್ಲಿ ನಡೆಸುವುದಕ್ಕೆ ನಾನು ಒಪ್ಪಿಗೆ ಕೊಡಲಾರೆ."

ಅಂದರೆ ಏನು? ಕೊಲ್ಲಲು ಬರುವವನನ್ನು ತಡೆಯಲಾಗದು, ಹಾಗಾಗಿ ಓಡಲಾಗದ ಮಗು ಮನೆಯಲ್ಲಿರಲಿ. ನನಗೆ ಮೈಯೆಲ್ಲ ಬೆಂಕಿ ಹತ್ತಿಕೊಂಡ ಹಾಗಾಯಿತು. ಅಕ್ಕೋರು ಮಾತ್ರ ತಣ್ಣಗೆ ಕೇಳಿದರು: "ಕೆಳಗೆ ಸಭಾಂಗಣ ಇದೆ. ಅದರ ಬಾಗಿಲು ಅಂಗಳಕ್ಕೆ ತೆರೆಯುತ್ತೆ. ಅಲ್ಲಿ ಮಾಡಿದರೆ?"

ತಜ್ಞರು ಅದು ಆಗಬಹುದು ಅಂದರು. ಅಧ್ಯಕ್ಷರು ತಡವರಿಸಿದರು. ಸಭಾಂಗಣ ಸಂಗೀತ ಕಛೇರಿಗೆ, ಅತಿಥಿಗಳ ಸತ್ಕಾರಕ್ಕೆ ಇರುವುದು, ಮೊನ್ನೆ ತಾನೇ ಹೊಸ ಮರದ ನೆಲ ಹಾಕಿಸಿದ್ದೇವೆ, ಗಾಲಿಕುರ್ಚಿಯ ಗುರುತು ಬೀಳುತ್ತದೆ... ಅವರು ಕೆಟ್ಟವರಲ್ಲ, ಆ ಬೆದರಿಕೆಯ ಫೋನುಗಳನ್ನೆಲ್ಲ ಎತ್ತಿ ಎತ್ತಿ ಹೈರಾಣಾದ ಮನುಷ್ಯ. ಹೆದರಿ ಹೆದರಿ ಕೊನೆಗೆ ನೆಲ ಕಾಯುವುದು ಸುಲಭ ಅನ್ನಿಸಿರಬೇಕು ಅವರಿಗೆ. ಇಂದು ಹಾಗೆ ಅರ್ಥ ಮಾಡಿಕೊಳ್ಳಬಲ್ಲೆ, ಕ್ಷಮಿಸಲು ಮಾತ್ರ ಇಂದಿಗೂ ಆಗಿಲ್ಲ.

ಕೆಲವು ವಾರ ತರಗತಿ ಅಕ್ಕೋರ ಅಡುಗೆಮನೆಯಲ್ಲೇ ನಡೆಯಿತು. ಭಾನುವಾರ ಈ ದೇಶದಲ್ಲಿ ಮೌನದ ದಿನ, ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ. ದಾನಿಯೇಲನ ಕಿರುಚಾಟಕ್ಕೆ ಎದುರು ಮನೆಯವರು ದೂರು ಕೊಟ್ಟರು. ಮನೆ ಮಾಲೀಕನ ಕಡೆಯವನು ಫೋನ್ ಮಾಡಿ, ಇದು ವಾಸದ ಮನೆ, ಶಾಲೆಯಲ್ಲ ಅಂದ. ಅಲ್ಲಿಗೂ ಬಾಗಿಲು ಮುಚ್ಚಿತು.

"ನಿನಗ್ಯಾಕ ಬೇಕು ಇದೆಲ್ಲಾ?" ಎಂದು ನಮ್ಮವರು ಕೇಳಿದ್ದು ಆಗಲೇ. "ಅವ್ರ ಮಂದಿ, ಅವ್ರ ಜಗಳ. ನಾವು ಹೊರಗಿನವ್ರು. ನಾಳೆ ವೀಸಾಗೀಸಾ ತೊಂದ್ರಿ ಆದ್ರ?"

"ಅವ್ರ ಮಂದಿನ ಆ ಮಕ್ಕಳನ್ನ ಒಳಗ ಬಿಡವಲ್ರು. ನಾವರ ನಿಂದರಬೇಕಲ್ರೀ," ಅಂದೆ. ಮುಂದಿನ ವಾರ ಅವರು, ನಾನು ಕೇಳದೆಯೇ, ಮಾರ್ಕ್‌ನ ಗಾಲಿಕುರ್ಚಿಯ ಸಡಿಲವಾದ ಚಕ್ರವನ್ನು ಬಿಗಿ ಮಾಡಿಕೊಟ್ಟರು.

ಅಕ್ಕೋರು ನನ್ನನ್ನು ಕರೆದುಕೊಂಡು ಶಿಕ್ಷಣ ಇಲಾಖೆಯ ಕಚೇರಿಗೆ ಹೋದರು. ಯುವ ಅಧಿಕಾರಿ. ಎದ್ದು ಕೈಕುಲುಕಿದ, ಕುಡಿಯಲು ನೀರು ಕೊಟ್ಟ, ಪೂರ್ತಿ ಕೇಳಿಸಿಕೊಂಡ. ಆಮೇಲೆ ಹೇಳಿದ: ವಿಶೇಷ ಅಗತ್ಯದ ಮಕ್ಕಳ ಓದು ತಮ್ಮ ಹೊಣೆ, ಅದಕ್ಕೆ ಒಳ್ಳೆಯ ಶಾಲೆಗಳಿವೆ. ಯಹೂದಿ ಧರ್ಮದ ಪಾಠ ಸಮುದಾಯದ ಹೊಣೆ. ಎರಡೂ ಒಟ್ಟಿಗೆ ಬೇಕೆಂದರೆ ಅದನ್ನು ನೋಡುವವರು ಇಲ್ಲಿ ಯಾರೂ ಇಲ್ಲ.

"ಹಾಗಾದರೆ ಲೆಯಾ ಯಾರ ಹೊಣೆ?" ಅಂದರು ಅಕ್ಕೋರು. "ಅವರು ಒಬ್ಬರೇ ಮನುಷ್ಯರು. ಮಾತು ಬಾರದ ಲೆಯಾ ಒಬ್ಬರು, ಯಹೂದಿ ಲೆಯಾ ಇನ್ನೊಬ್ಬರು ಅಂತ ಇಬ್ಬರಿಲ್ಲ."

ಅವನು ನಗುತ್ತ, ನಿಮ್ಮ ಉತ್ಸಾಹಕ್ಕೆ ನನಗೆ ತುಂಬಾ ಗೌರವವಿದೆ ಅಂದ. ಆ ನಗು! ಬೈದಿದ್ದರೂ ತಡೆದುಕೊಳ್ಳಬಹುದಿತ್ತು.

ಹಿಂತಿರುಗುವಾಗ ಟ್ರಾಮಿನಲ್ಲಿ ಅಕ್ಕೋರು ಕಿಟಕಿಯಾಚೆ ನೋಡುತ್ತಿದ್ದರು. ನನ್ನ ಕಡೆ ತಿರುಗದೆಯೇ ಹೇಳಿದರು. "ಈ ದೇಶದಲ್ಲಿ ನಾಜಿಗಳ ಕಾಲದಲ್ಲಿ ಬೂದು ಬಣ್ಣದ ಬಸ್ಸುಗಳು ಬರುತ್ತಿದ್ದವು. ಮೊದಲು ಹತ್ತಿಸಿದ್ದು ಇಂಥವರನ್ನೇ. ಓಡಲಾರದವರು, ಮಾತಾಡಲಾರದವರು. ಕರೆದುಕೊಂಡು ಹೋಗಿ ಕೊಂದರು. ಯಹೂದಿಗಳ ಸರದಿ ದೊಡ್ಡದಾಗಿ ಬಂದದ್ದು ಆಮೇಲೆ. ನಮ್ಮ ಮಕ್ಕಳು ಎರಡೂ. ಗೊತ್ತಾಯ್ತಾ ನಿನಗೆ? ಎರಡೂ." ನಾನು ಅವರ ಕೈ ಹಿಡಿದುಕೊಳ್ಳಲು ಹೋದೆ. ಕೊಡವಿಬಿಟ್ಟರು. ಸಮಾಧಾನ ಅವರಿಗೆ ಬೇಕಿರಲಿಲ್ಲ.

ಆ ಚಳಿಗಾಲದಲ್ಲಿ ಸಮುದಾಯದ ಸಭಾಂಗಣದಲ್ಲಿಯೇ ನಾಜಿಗಳ ಕಾಲದಲ್ಲಿ ಕೊಲೆಯಾದವರ ನೆನಪಿನ ಸಭೆಯೊಂದು ಏರ್ಪಾಡಾಗಿತ್ತು. ನಗರದ ಗಣ್ಯರು, ಪತ್ರಿಕೆಯವರು, ಬೇರೆ ಬೇರೆ ಚರ್ಚುಗಳವರು ಎಲ್ಲ ಬರುವವರಿದ್ದರು. ಅಕ್ಕೋರು ಸಭೆಗೆ ಎಷ್ಟೋ ಮುಂಚೆ ಮಕ್ಕಳನ್ನೂ ಅವರ ತಂದೆತಾಯಂದಿರನ್ನೂ ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿಸಿದರು. ಕುರ್ಚಿಗಳ ಮೇಲಿದ್ದ ಗಣ್ಯರ ಹೆಸರಿನ ಚೀಟಿಗಳನ್ನು ಎತ್ತಿ ಹಿಂದಿನ ಸಾಲಿಗೆ ಇಟ್ಟವಳು ನಾನು. ಹೊಸ ನೆಲದ ಮೇಲೆ ಮಾರ್ಕ್‌ನ ಗಾಲಿಕುರ್ಚಿ ಒಂದು ಸುತ್ತು ಹೊಡೆದು ಬಂದು ನಿಂತಿತು. ಅಧ್ಯಕ್ಷರು ಬಂದು ನೋಡಿ ಬಿಳಿಚಿಕೊಂಡರು. ಅಷ್ಟು ಜನರೆದುರು ಎಬ್ಬಿಸುವುದು ಹೇಗೆ? ಎಬ್ಬಿಸಲಿಲ್ಲ.

ಭಾಷಣಗಳು ಶುರುವಾದವು. ಚೆನ್ನಾಗಿಯೇ ಇದ್ದವು, ಸುಳ್ಳು ಹೇಳಬಾರದು. ನಗರಸಭೆಯ ಪರವಾಗಿ ಮಾತಾಡಿದ ಹೆಂಗಸು, ಕೊಲೆಯಾದ ಅಂಗವಿಕಲ ಮಕ್ಕಳ ಬಗ್ಗೆ ಹೇಳುವಾಗ ಕಣ್ಣೊರೆಸಿಕೊಂಡಳು. ಇನ್ನೆಂದೂ ಯಾವ ಮಗುವನ್ನೂ ಹೊರಗಿಡುವುದಿಲ್ಲ ಅಂದಳು. ಆಗ ಅಕ್ಕೋರು ಎದ್ದು ನಿಂತರು. ಮೈಕು ಕೇಳಲಿಲ್ಲ. ಅವರ ಗಂಟಲಿಗೆ ಬೇಕಾಗಿಯೂ ಇರಲಿಲ್ಲ.

"ಸತ್ತ ಮಕ್ಕಳನ್ನ ನೀವು ತುಂಬಾ ಚೆನ್ನಾಗಿ ನೆನಪಿಟ್ಟುಕೊಂಡಿದ್ದೀರಿ. ಇವರು ಬದುಕಿರುವವರು. ಇವರು ಲೆಯಾ, ಇವರು ಮಾರ್ಕ್, ಇವರು ದಾನಿಯೇಲ್. ಇವರಿಗೆ ಓಡೋಕೆ ಬರಲ್ಲ ಅಂತ ಇದೇ ಕಟ್ಟಡದಿಂದ ಹೊರಗೆ ಹಾಕಿದ್ದೀರಿ. ಇವರಿಗೆ ನೆಲಮಹಡಿಯಲ್ಲಿ ಒಂದು ಕೋಣೆ ಬೇಕು. ಭಾನುವಾರ ಬೆಳಿಗ್ಗೆ. ಅಷ್ಟೇ."

ಹಿಂದೆ ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟತೊಡಗಿದರು. ನನಗೆ ನಾಚಿಕೆಯಾಯಿತು, ಅವರ ಪರವಾಗಿ. ತಮ್ಮ ಮುಖಕ್ಕೆ ಹೊಡೆದದ್ದಕ್ಕೇ ಚಪ್ಪಾಳೆ ತಟ್ಟಿ ತಾವು ಒಳ್ಳೆಯವರಾಗಿಬಿಡುವ ಜನ.

"ಚಪ್ಪಾಳೆ ಬೇಡ!" ಅಕ್ಕೋರು ಗುಡುಗಿದರು. "ಕೀಲಿಕೈ ಕೊಡಿ!"

ಚಪ್ಪಾಳೆಯ ಸದ್ದಿಗೆ ದಾನಿಯೇಲ್ ಕಿವಿ ಮುಚ್ಚಿಕೊಂಡು ಕಿರುಚತೊಡಗಿದ್ದ. ಅವನ ತಾಯಿ ಎದ್ದು ಅವನನ್ನು ಹೊರಗೆ ಕರೆದೊಯ್ಯಲು ನೋಡಿದಳು. ಅಕ್ಕೋರು ಅವಳ ಭುಜ ಹಿಡಿದು ಕೂರಿಸಿದರು. ಗಣ್ಯರೆಲ್ಲ ನೆಲ ನೋಡುತ್ತ, ಗೋಡೆ ನೋಡುತ್ತ ಆ ಕಿರುಚಾಟ ತಾನಾಗಿ ನಿಲ್ಲುವ ತನಕ ಕೂರಬೇಕಾಯಿತು. ನನ್ನ ಜೀವಮಾನದಲ್ಲಿ ಕೇಳಿದ ಅತ್ಯಂತ ಒಳ್ಳೆಯ ಭಾಷಣ ಅದು, ದಾನಿಯೇಲನದು.

ಕೀಲಿಕೈ ಸಿಕ್ಕಿತು. ಸಭಾಂಗಣದ್ದಲ್ಲ, ಅದರ ಪಕ್ಕದಲ್ಲಿ ಕುರ್ಚಿಗಳನ್ನು ಪೇರಿಸಿಡುತ್ತಿದ್ದ ಉಗ್ರಾಣದ್ದು. ಒಂದೇ ಕಿಟಕಿ, ಅಂಗಳಕ್ಕೆ ತೆರೆಯುವ ಒಂದು ಬಾಗಿಲು. ಪತ್ರಿಕೆಯಲ್ಲಿ ಅಧ್ಯಕ್ಷರ ಮತ್ತು ನಗರಸಭೆಯ ಆ ಹೆಂಗಸಿನ ನಗುಮುಖದ ಫೋಟೋ ಬಂತು. ಅಕ್ಕೋರು ಫೋಟೋಗೆ ನಿಲ್ಲಲಿಲ್ಲ. ಅವರು ಒಳಗೆ ಗೋಡೆಗೆ ಸುಣ್ಣ ಬಳಿಯುತ್ತಿದ್ದರು.

ವಸಂತದಲ್ಲಿ ಲೆಯಾಳ ಸಮಾರಂಭವಾಯಿತು. ಅದಕ್ಕೆ ಮಾತ್ರ ಸಭಾಂಗಣ ಕೊಟ್ಟರು, ಈ ಸಲ ನೆಲದ ಮಾತು ಯಾರೂ ಎತ್ತಲಿಲ್ಲ. ಬೇರೆ ಊರಿನಿಂದ ಆಗಾಗ ಬಂದು ಪ್ರಾರ್ಥನೆ ನಡೆಸಿಕೊಡುವ ರಬ್ಬಿ ಎಳೆಯ ವಯಸ್ಸಿನವರು. ಅಕ್ಕೋರು ಅವರಿಗೂ ನೀನು ಅಂದೇ ಮಾತಾಡಿ ಒಪ್ಪಿಸಿದ್ದರು. ಲೆಯಾ ನೀಲಿ ಫ್ರಾಕು ಹಾಕಿಕೊಂಡು ಮೇಜಿನ ಮುಂದೆ ನಿಂತಳು. ಮೇಜಿನ ಮೇಲೆ ಸ್ಯಾಂಡ್ ಪೇಪರಿನ ಅಕ್ಷರಗಳ ರಾಶಿ. ಅವಳು ಒಂದನ್ನು ಎತ್ತಿ, ಬೆರಳಾಡಿಸಿ, ಮೇಜಿನ ಬಲ ತುದಿಗೆ ಇಟ್ಟಳು. ಇನ್ನೊಂದನ್ನು ಎತ್ತಿ ಅದರ ಎಡಕ್ಕೆ ಇಟ್ಟಳು. ಮೂರನೆಯದನ್ನು ಹುಡುಕಲು ತಡವಾಯಿತು. ಯಾರೋ ಸಹಾಯಕ್ಕೆ ಕೈ ಚಾಚಿದರು, ಅಕ್ಕೋರು ದುರುಗುಟ್ಟಿ ನೋಡಿದರು, ಕೈ ಹಿಂದೆ ಹೋಯಿತು. ಸಿಕ್ಕಿತು. ಇಟ್ಟಳು. ಶ್ಮಾ. ಅವರ ಅತಿ ಮುಖ್ಯ ಪ್ರಾರ್ಥನೆಯ ಮೊದಲ ಪದ. ಕೇಳು ಎಂದು ಅರ್ಥ. ರಬ್ಬಿ ಅವಳು ಇಟ್ಟದ್ದನ್ನು ಗಟ್ಟಿಯಾಗಿ ಓದಿದರು, ಇಡೀ ಸಭೆ ಮುಂದಿನದನ್ನು ಹೇಳಿತು. ಲೆಯಾ ಸುತ್ತ ಎಲ್ಲರ ಬಾಯಿಗಳನ್ನು ನೋಡಿದಳು... ತಾನು ಇಟ್ಟ ಮೂರು ಅಕ್ಷರಕ್ಕೆ ಇಷ್ಟು ಜನ ದನಿ ಕೊಡುತ್ತಿದ್ದಾರಲ್ಲ ಎಂದು. ನನ್ನ ಮಗಳು ನನ್ನ ತೋಳು ಜಗ್ಗಿ, "ಮಮ್ಮಾ, ಸೀ ಹಾಟ್ ಎಸ್ ಗೆಶಾಫ್ಟ್!" ಅಂದಳು, ಅವಳು ಗೆದ್ದಳು ಎಂದು. ಅಕ್ಕೋರು ಸಿಗರೇಟು ಸೇದಲು ಹೊರಗೆ ಹೋದರು. ಅಂಗಳದ ಗೋಡೆಗೆ ಮುಖ ಮಾಡಿ ನಿಂತಿದ್ದರು. ನಾನು ಹತ್ತಿರ ಹೋಗಲಿಲ್ಲ.

ಆ ಉಗ್ರಾಣದಲ್ಲಿ ತರಗತಿ ಕೆಲವು ವರ್ಷ ನಡೆಯಿತು. ಬೇರೆ ಊರುಗಳಿಂದಲೂ ಮಕ್ಕಳು ಬಂದರು. ನಡುವೆ ನನ್ನ ಓದಿಗೆ ಮಾನ್ಯತೆ ಸಿಕ್ಕಿ, ಥೆರಪಿ ಕ್ಲಿನಿಕ್ ಒಂದರಲ್ಲಿ ಕೆಲಸವೂ ಸಿಕ್ಕಿತು. ಪ್ರತಿ ವರ್ಷವೂ ಅಕ್ಕೋರು ಒಂದೇ ಮಾತು ಕೇಳಿದರು: ತನಗೆ ವಯಸ್ಸಾಯಿತು, ತನ್ನ ನಂತರಕ್ಕೆ ಒಬ್ಬ ತರಬೇತಿಯಾದ ಟೀಚರನ್ನು ನೇಮಿಸಿ. ಸಮುದಾಯದವರು ನಗರಸಭೆಯ ಕಡೆ ಕೈತೋರಿಸಿದರು, ನಗರಸಭೆಯವರು ಶಿಕ್ಷಣ ಇಲಾಖೆಯ ಕಡೆ, ಇಲಾಖೆಯವರು ಮತ್ತೆ ಸಮುದಾಯದ ಕಡೆ. ನೀವಿದ್ದೀರಲ್ಲ, ನಿಮ್ಮಷ್ಟು ಚೆನ್ನಾಗಿ ಯಾರು ಮಾಡುತ್ತಾರೆ ಎಂದು ಎಲ್ಲರೂ ಹೊಗಳಿದರು. ಹೊಗಳಿಕೆಯಂಥ ಅಗ್ಗದ ವಸ್ತು ಇನ್ನೊಂದಿಲ್ಲ.

ಆಮೇಲೆ ಆ ಕೆಮ್ಮು... ಸಿಗರೇಟಿನ ಕೆಮ್ಮು ಎಂದು ಅವರೂ ಅಂದರು, ನಾವೂ ನಂಬಿದೆವು. ಆಸ್ಪತ್ರೆಗೆ ಸೇರಿಸಿದಾಗ ಶ್ವಾಸಕೋಶದಲ್ಲಿ ಏನೂ ಉಳಿದಿರಲಿಲ್ಲ. ಅಲ್ಲಿಯೂ ಸುಮ್ಮನಿರಲಿಲ್ಲ; ಪಕ್ಕದ ಹಾಸಿಗೆಯ ಮುದುಕಿಗೆ ನೀನು ಎಂದು ಮಾತಾಡಿಸಿದ ಯುವ ಡಾಕ್ಟರನ್ನು ತರಾಟೆಗೆ ತೆಗೆದುಕೊಂಡಿದ್ದರಂತೆ. ನಾನು ಹೋದಾಗ ಕಣ್ಣು ಮುಚ್ಚಿಕೊಂಡು ಕೇಳಿದರು.

"ಮಾರ್ಕ್ ಬಂದಿದ್ದರಾ?"

"ಬಂದಿದ್ದ. ಹಿಟ್ಟನ್ನ ಎಲ್ಲ ನನ್ನ ತಲೆಗೆ ಹಾಕಿದ."

"ಭಾನುವಾರ ಬಾಗಿಲು ಯಾರು ತೆಗೀತಾರೆ?"

"ನಾನು ತೆಗೀತೀನಿ."

"ನಿನಗೆ ಹೀಬ್ರೂ ಬರಲ್ಲ."

"ಮಕ್ಕಳಿಗೆ ಬರುತ್ತಲ್ಲ."

ಅವರು ನಕ್ಕರು. ನಕ್ಕದ್ದಕ್ಕೆ ಕೆಮ್ಮು ಬಂದು, ನರ್ಸು ನನ್ನನ್ನು ಹೊರಗೆ ಕಳಿಸಿದಳು. ಮತ್ತೆ ನಾನು ಅವರ ದನಿ ಕೇಳಲಿಲ್ಲ.

ಬಾಗಿಲು ತೆಗೆದೆ. ಲೆಯಾಳ ತಾಯಿ ಮತ್ತು ನಾನು ಸೇರಿ ಕೆಲವು ಭಾನುವಾರ ನಡೆಸಿದೆವು. ಆದರೆ ಅರ್ಹತೆಯಿರುವ ಧರ್ಮಶಿಕ್ಷಕರಿಲ್ಲದೆ ತರಗತಿ ನಡೆಸುವಂತಿಲ್ಲ, ಏನಾದರೂ ಆದರೆ ವಿಮೆ ಸಿಗುವುದಿಲ್ಲ ಎಂದರು ಸಮುದಾಯದವರು. ನೇಮಕಾತಿ ಆಗುವ ತನಕ ತಾತ್ಕಾಲಿಕವಾಗಿ ನಿಲ್ಲಿಸೋಣ ಅಂದರು. ತಾತ್ಕಾಲಿಕ! ದೂರದೂರಿಂದ ಬರುತ್ತಿದ್ದವರು ಮೊದಲು ಬಿಟ್ಟರು. ಮಾರ್ಕ್‌ನ ಮನೆಯವರು ಬರ್ಲಿನ್ ಕಡೆ ಹೋದರು. ದಾನಿಯೇಲ್ ಭಾನುವಾರ ಬೆಳಿಗ್ಗೆ ಜಾಕೆಟ್ಟು ಹಾಕಿಕೊಂಡು ಬಾಗಿಲ ಬಳಿ ನಿಲ್ಲುತ್ತಿದ್ದನಂತೆ, ಎಷ್ಟೋ ತಿಂಗಳು... ಅವನ ತಾಯಿ ಹೇಳುವಾಗ ನನಗೆ ಫೋನು ಇಟ್ಟುಬಿಡಬೇಕೆನ್ನಿಸಿತು.

ಅಕ್ಕೋರು ತೀರಿಕೊಂಡ ಮರುವರ್ಷ ಆ ಕೋಣೆಯ ಬಾಗಿಲಿಗೆ ಅವರ ಹೆಸರು ಕೆತ್ತಿದ ಹಿತ್ತಾಳೆಯ ಫಲಕ ಹಾಕಿದರು. ನನ್ನನ್ನೂ ಕರೆದಿದ್ದರು. ಭಾಷಣಗಳಾದವು, ಪರದೆ ಸರಿಸಿದರು, ಮತ್ತೆ ಅದೇ ಚಪ್ಪಾಳೆ. ಫಲಕದ ಹಿಂದಿನ ಬಾಗಿಲನ್ನು ನಾನು ತಳ್ಳಿ ನೋಡಿದೆ. ಒಳಗೆ ಸೂರಿನ ತನಕ ಕುರ್ಚಿಗಳನ್ನು ಪೇರಿಸಿದ್ದರು. ಅಕ್ಕೋರು ಬಳಿದ ಬಿಳಿ ಗೋಡೆಯ ಮೇಲೆ ಕುರ್ಚಿಯ ಕಾಲುಗಳು ಉಜ್ಜಿದ ಗೀರುಗಳು. ಅವರ ಹೆಸರನ್ನು ನಾನು ಇಲ್ಲಿ ಬರೆಯದಿರುವುದು ಅದಕ್ಕೇ. ಹೆಸರು ಬರೆದು ಕೈತೊಳೆದುಕೊಂಡವರ ಸಾಲಿಗೆ ನಾನೂ ಸೇರಲಾರೆ.

ಲೆಯಾ ಈಗ ದೊಡ್ಡವಳು. ಇಂಥವರಿಗೆಂದೇ ಇರುವ ವರ್ಕ್‌ಶಾಪಿನಲ್ಲಿ ಡಬ್ಬಿಗಳಿಗೆ ಮುಚ್ಚಳ ಜೋಡಿಸುತ್ತಾಳೆ. ದಾರಿಯಲ್ಲಿ ಸಿಕ್ಕರೆ ನನ್ನ ಅಂಗೈ ಹಿಡಿದು ಅದರ ಮೇಲೆ ಬೆರಳಿನಿಂದ ಏನೋ ಬರೆಯುತ್ತಾಳೆ. ಕೆಲವು ಅಕ್ಷರ ನನಗೆ ಗೊತ್ತಾಗುತ್ತದೆ, ಕೆಲವು ಗೊತ್ತಾಗುವುದಿಲ್ಲ. ಅವನ್ನು ಓದಬಲ್ಲವರು ಈಗ ಇಲ್ಲ.

ಮೊನ್ನೆ ಸೋಮವಾರ ಕ್ಲಿನಿಕ್ಕಿಗೆ ಹೊಸಬಳೊಬ್ಬಳು ಬಂದಿದ್ದಳು. ಯುದ್ಧದ ದೇಶದಿಂದ ಬಂದ ಎಳೆಯ ತಾಯಿ, ಜೊತೆಗೆ ಐದು ವರ್ಷದ ಗಂಡು ಮಗು. ಮಾತು ಇನ್ನೂ ಬಂದಿಲ್ಲ. ಆಟದ ಪ್ರಾಣಿಗಳನ್ನು ಸಾಲಾಗಿ ನಿಲ್ಲಿಸುತ್ತ ತನ್ನ ಪಾಡಿಗಿತ್ತು. ಎಲ್ಲ ಮುಗಿದು ಎದ್ದು ನಿಂತ ಮೇಲೆ ಅವಳು ಅತ್ತಿತ್ತ ನೋಡಿ ದನಿ ತಗ್ಗಿಸಿದಳು.

"ನಾವು ಯಹೂದಿಗಳು. ಇಂಥ ಮಕ್ಕಳಿಗೆ ನಮ್ಮದನ್ನ ಕಲಿಸುವವರು ಈ ಊರಲ್ಲಿ ಯಾರಾದರೂ ಇದ್ದಾರಾ?"

"ಒಬ್ಬರು ಇದ್ದರು," ಅಂದೆ.

"ಈಗ?"

"ಈಗ ಯಾರೂ ಇಲ್ಲ."

ಅವಳು ತಲೆಯಾಡಿಸಿದ ರೀತಿ ನೋಡಿದರೆ, ಈ ಉತ್ತರ ಅವಳಿಗೆ ಹೊಸದೇನಲ್ಲ ಎಂದು ಗೊತ್ತಾಗುತ್ತಿತ್ತು. ಥ್ಯಾಂಕ್ಸ್ ಹೇಳಿ, ಮಗುವಿಗೆ ಟೋಪಿ ಹಾಕಿ ಹೊರಟಳು. ಕಚೇರಿ ಕಚೇರಿಗಳಲ್ಲಿ ಅಕ್ಕೋರ ಪಕ್ಕ ಕೂತು ನಾನು ಹಲ್ಲು ಕಚ್ಚಿಕೊಂಡು ಕೇಳಿಸಿಕೊಂಡ ಮಾತು, ಯಾರೂ ಇಲ್ಲ ಅನ್ನುವುದು. ಮೊನ್ನೆ ಅದನ್ನು ಒಬ್ಬ ತಾಯಿಗೆ ನನ್ನ ಬಾಯಿಂದಲೇ ಹೇಳಬೇಕಾಯಿತು.